ಲೈಫ್ ಸರ್ಟಿಫಿಕೇಟು, ಯೆಜ್ಡಿ ಮತ್ತೆ ನಮ್ಮ ಕಾರ್ನರ್ ಹುಡುಗ್ರು

ಮೈಸೂರನ್ನ ಪೆನ್ಷನರ್ಸ್ ಪ್ಯಾರಡೈಸ್ ಅಂತಾರಲ್ಲ, ಅದು ನಮ್ಮ ಬಡಾವಣೆ ನೋಡೇ ಹೇಳಿರ್ಬೇಕು. ಸಾಲಾಗಿ ರೈಲ್ವೆ, ಬ್ಯಾಂಕು, ಪೋಸ್ಟಾಫೀಸು, ಕಾರ್ಖಾನೆ ಅಂತ ರಿಟೈರ್ ಆದೋರ ಮನೆಗಳೇ, ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ, ಮನೇಲಿ ಇಬ್ಬರು ಇಲ್ಲಾ ಒಬ್ಬರೇ. ಇನ್ನೊಂದ್ ಕಡೆ ಹಿಂದಿನ ಬೀದಿ ಹುಡುಗ್ರು, ಡಿಪ್ಲೊಮಾ, ಐಟಿಐ, ಡೆಲಿವರಿ ಕೆಲಸ, ಸಂಜೆ ಆದ್ರೆ ಕಾರ್ನರ್ ಟೀ ಅಂಗಡಿ ಹತ್ರ ಬೈಕ್ ನಿಲ್ಲಿಸ್ಕೊಂಡು ಹರಟೆ. ನಾನು ಈ ಎರಡರ ಮಧ್ಯೆ, ವಯಸ್ಸು ನಲವತ್ತೈದರ ಆಸುಪಾಸು, ಹಿರಿಯರು "ಏನಪ್ಪಾ ಹುಡುಗ" ಅಂತಾರೆ, ಹುಡುಗ್ರು "ಏನ್ ಅಂಕಲ್" ಅಂತಾರೆ. ಜತೆಗೆ ಅಸೋಸಿಯೇಷನ್ ಸೆಕ್ರೆಟರಿ ಅನ್ನೋ ಕಿರೀಟ ಬೇರೆ, ಯಾರಿಗೂ ಬೇಡವಾಗಿತ್ತು, ನನ್ನ ತಲೆಗೆ ಬಂತು.

ಜಗಳ ಏನು ಅಂದ್ರೆ ಅದೇ ಮಾಮೂಲಿ. ಸೈಲೆನ್ಸರ್ ಚೇಂಜ್ ಮಾಡಿಸ್ಕೊಂಡು ರಾತ್ರಿ ಹತ್ತರ ಮೇಲೆ ರಸ್ತೇಲಿ ಢಮಾರ್ ಅನ್ನಿಸ್ಕೊಂಡು ಹೋಗ್ತಾರೆ, ಬಿಪಿ ಇರೋರು ಬೆಚ್ಚಿ ಬೀಳ್ತಾರೆ, ಮಾರನೇ ದಿನ ಪೊಲೀಸ್ನೋರಿಗೆ ಫೋನು. ಹುಡುಗ್ರ ದೂರು ಏನಂದ್ರೆ ಪಾರ್ಕಲ್ಲಿ ಒಂದು ಟೆನ್ನಿಸ್ ಬಾಲ್ ಆಡಂಗಿಲ್ಲ, ಕೂತ್ರೆ ಯಾಕ್ ಕೂತ್ರಿ, ನಿಂತ್ರೆ ಯಾಕ್ ನಿಂತ್ರಿ, ನಾವೇನ್ ಕಳ್ಳರಾ ಅಂತ. ಎರಡೂ ನಿಜಾನೇ. ಇದಕ್ಕೊಂದು ಪರಿಹಾರ ಅಂತ ಅಸೋಸಿಯೇಷನ್ನಲ್ಲಿ ಹಿರಿಯರು-ಯುವಕರು ಸ್ನೇಹ ಸಮ್ಮಿಲನ ಅಂತ ಒಂದು ಕಾರ್ಯಕ್ರಮ ಮಾಡಿದ್ವಿ. ಮೈಸೂರು ಪೇಟ, ಶಾಲು, ಹಾರ, ಭಾಷಣ. ಭಾಷಣ ಮಾಡಿದೋರೆಲ್ಲ ಹಿರಿಯರು, ಕುರ್ಚಿ ಹಾಕಿ ಎತ್ತಿದೋರೆಲ್ಲ ಹುಡುಗ್ರು. ಆಮೇಲೆ ಉಪ್ಪಿಟ್ಟು ಕೇಸರಿಬಾತು, ಅಲ್ಲಿಗೆ ಮುಗೀತು.

ಹೋದ ನವೆಂಬರಲ್ಲಿ ಒಂದು ಭಾನುವಾರ ಆಗಿದ್ದೇ ಬೇರೆ.

ನವೆಂಬರ್ ಅಂದ್ರೆ ನಮ್ ಕಡೆ ರಾಜ್ಯೋತ್ಸವಕ್ಕಿಂತ ದೊಡ್ಡ ವಿಷಯ ಲೈಫ್ ಸರ್ಟಿಫಿಕೇಟು. ನಾನಿನ್ನೂ ಬದುಕಿದ್ದೀನಿ ಅಂತ ಪೆನ್ಷನ್ ತಗೊಳ್ಳೋರು ವರ್ಷಕ್ಕೊಂದ್ಸಲ ರುಜುವಾತು ಮಾಡ್ಬೇಕು, ಇಲ್ಲಾಂದ್ರೆ ಪೆನ್ಷನ್ ನಿಂತೋಗತ್ತೆ. ಮುಂಚೆ ಬ್ಯಾಂಕಿಗೇ ಹೋಗಿ ಕ್ಯೂ ನಿಲ್ಬೇಕಿತ್ತು, 2014ರಲ್ಲಿ ಜೀವನ್ ಪ್ರಮಾಣ್ ಅನ್ನೋ ಡಿಜಿಟಲ್ ಲೈಫ್ ಸರ್ಟಿಫಿಕೇಟ್ ವ್ಯವಸ್ಥೆ ಬಂದ್ಮೇಲೆ ಬೆರಳಚ್ಚು ಒತ್ತಿ ಕೊಡೋದು ಶುರುವಾಯ್ತು, 2021ರಿಂದ ಮೊಬೈಲ್ ಕ್ಯಾಮೆರಾದಲ್ಲಿ ಮುಖ ತೋರಿಸಿದ್ರೂ ಆಗತ್ತೆ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇರ್ಲಿಲ್ಲ. ನಮ್ಮ ಎದುರು ಮನೆ ಅಜ್ಜಿ, ಯಜಮಾನ್ರು ರೈಲ್ವೆ ವರ್ಕ್‌ಶಾಪಲ್ಲಿದ್ದೋರು, ಈಗ ಫ್ಯಾಮಿಲಿ ಪೆನ್ಷನ್, ವಯಸ್ಸು 82. ಕೇಂದ್ರ ಸರ್ಕಾರದ ಪೆನ್ಷನ್ನಲ್ಲಿ 80 ದಾಟಿದೋರು ಅಕ್ಟೋಬರ್ 1ರಿಂದಲೇ ಕೊಡಬಹುದು, ಅದನ್ನ ಅಜ್ಜಿಗೆ ಯಾರೂ ಹೇಳಿಲ್ಲ. ಆಟೋ ಮಾಡ್ಕೊಂಡು ಒಂದು ಸೈಬರ್ ಸೆಂಟರ್‌ಗೆ ಹೋದ್ರೆ ಬೆರಳೇ ತಗೊಳ್ತಿಲ್ಲ. ಅರವತ್ತು ವರ್ಷ ಪಾತ್ರೆ ತಿಕ್ಕಿದ ಬೆರಳಲ್ಲಿ ಗೆರೆ ಎಲ್ಲಿರತ್ತೆ ಹೇಳಿ. ಹತ್ತೂ ಬೆರಳು ಒತ್ತಿಸಿ, ಒರೆಸಿ, ಮತ್ತೆ ಒತ್ತಿಸಿ, ಬ್ಯಾಂಕಿಗೇ ಹೋಗಮ್ಮ ಅಂತ ಕಳಿಸಿದಾರೆ. ವಾಪಸ್ ಬಂದು ಗೇಟ್ ಹತ್ರ ಉಸ್ಸಪ್ಪಾ ಅಂತ ಕೂತಿದ್ರು, ಆಗ ಟೀ ಅಂಗಡಿಯಿಂದ ಒಬ್ಬ ಬಂದ, ಅದೇ ಢಮಾರ್ ಸೈಲೆನ್ಸರ್ ಗಿರಾಕಿ, "ಏನಾಯ್ತಜ್ಜಿ" ಅಂದ. ಅವನ ತಾತಂದು ಅವನೇ ಫೋನಲ್ಲಿ ಮಾಡಿದ್ನಂತೆ. ಅಲ್ಲೇ ನಿಂತ್ಕೊಂಡು ಮಾಡಿಕೊಟ್ಟ.

ಅಜ್ಜಿ ಸುಮ್ನಿರ್ತಾರಾ, ಸಂಜೆ ಒಳಗೆ ಇಡೀ ಬಡಾವಣೆಗೆ ಗೊತ್ತಾಯ್ತು. ಭಾನುವಾರ ಬೆಳಗ್ಗೆ ಪಾರ್ಕಲ್ಲಿ ಎಲ್ಲರೂ ಬನ್ನಿ ಅಂತ ನಾನು ಗ್ರೂಪಲ್ಲಿ ಹಾಕ್ದೆ. ನಾಲ್ಕೈದು ಹುಡುಗ್ರು, ಒಂದು ಟೇಬಲ್ಲು, ಗ್ರಿಲ್‌ಗೆ ಬಿಳಿ ಬೆಡ್‌ಶೀಟು ಕಟ್ಟಿದ್ವಿ, ಹಿಂದೆ ಬಿಸಿಲಿದ್ರೆ ಕ್ಯಾಮೆರಾ ಮುಖ ಹಿಡಿಯಲ್ಲ ನೋಡಿ ಅದಕ್ಕೆ.

ಶುರುವಲ್ಲೇ ಕಿರಿಕ್. ಬ್ಯಾಂಕ್ ಮ್ಯಾನೇಜರಾಗಿ ರಿಟೈರ್ ಆದ ಸಾರ್ ಒಬ್ಬರು ಎದ್ದು ನಿಂತ್ರು. "ವರ್ಷವಿಡೀ ಯಾರಿಗೂ ಓಟಿಪಿ ಹೇಳ್ಬೇಡಿ ಅಂತೀರಿ, ಡಿಜಿಟಲ್ ಅರೆಸ್ಟು ಅಂತ ದಿನಾ ಪೇಪರಲ್ಲಿ ಬರತ್ತೆ, ಈಗ ಇವ್ರಿಗೆ ಆಧಾರ್ ನಂಬರು, ಅಕೌಂಟ್ ನಂಬರು, ಓಟಿಪಿ ಎಲ್ಲಾ ಕೊಡ್ಬೇಕಾ?" ಹುಡುಗ್ರ ಮುಖ ಸಪ್ಪೆ ಆಯ್ತು, ಒಬ್ಬ ಫೋನ್ ಜೇಬಿಗೆ ಇಟ್ಕೊಂಡು "ನಡಿ ಮಗಾ ಹೋಗಣ" ಅಂದೇಬಿಟ್ಟ. ಆದ್ರೆ ಸಾರ್ ಹೇಳಿದ್ದು ನೂರಕ್ಕೆ ನೂರು ಸರಿ, ಅದರಲ್ಲಿ ಅವಮಾನ ಮಾಡೋಂಥದ್ದು ಏನಿಲ್ಲ. ನಾನು ಏನೋ ಹೇಳೋಕ್ ಮುಂಚೆ ಸೈಲೆನ್ಸರ್ ಹುಡುಗನೇ ಅಂದ, "ಸಾರ್, ನಂಬರೆಲ್ಲ ನೀವೇ ಟೈಪ್ ಮಾಡಿ, ಓಟಿಪಿನೂ ನೀವೇ ಹಾಕಿ, ನಾನು ಫೋನ್ ಹಿಡ್ಕೊತೀನಿ ಅಷ್ಟೇ, ಆ್ಯಪಲ್ಲಿ ಮೊದಲು ಆಪರೇಟರ್ ಅಂತ ನಂದೇ ಆಧಾರ್, ನಂದೇ ಮುಖ ಹಾಕಿರ್ತೀನಿ, ಏನಾದ್ರೂ ಆದ್ರೆ ನಾನೇ ಸಿಗಾಕೊಳ್ಳೋದು." ಸಾರ್ ಒಂದ್ ನಿಮಿಷ ಯೋಚ್ನೆ ಮಾಡಿ ಕನ್ನಡಕ ಏರಿಸ್ಕೊಂಡು ಫೋನ್ ಇಸ್ಕೊಂಡ್ರು. ಆಮೇಲೆ ಅವರೇ ಟೇಬಲ್ ಪಕ್ಕ ಕೂತು ಬಂದೋರಿಗೆಲ್ಲ ಕ್ಲಾಸ್ ತಗೊಂಡ್ರು, ಮೋಸ ಆದ್ರೆ ಸೈಬರ್ ಹೆಲ್ಪ್‌ಲೈನ್ 1930ಗೆ ಫೋನ್ ಮಾಡ್ಬೇಕು, ತಡ ಮಾಡಂಗಿಲ್ಲ ಅಂತ. ಹುಡುಗ್ರೂ ಕೇಳಿಸ್ಕೊಂಡ್ರು, ಅವರಲ್ಲೊಬ್ಬ ಪಾರ್ಟ್ ಟೈಮ್ ಜಾಬ್ ಮೆಸೇಜ್ ನಂಬಿ ದುಡ್ಡು ಕಳ್ಕೊಂಡಿದ್ನಂತೆ, ಅವತ್ತು ಬಾಯಿಬಿಟ್ಟ.

ಆ ಫಾರಂನಲ್ಲಿ ಒಂದು ಪ್ರಶ್ನೆ ಇದೆ, ಮರುಮದುವೆ ಆಗಿದೀರಾ ಅಂತ. ಇಪ್ಪತ್ತು ವರ್ಷದ ಹುಡುಗ ಎಪ್ಪತ್ತೆಂಟು ವರ್ಷದ ಇನ್ನೊಬ್ಬ ಅಜ್ಜಿನ ಹೆಂಗ್ ಕೇಳ್ತಾನೆ? ಕಿವಿಯೆಲ್ಲ ಕೆಂಪು ಮಾಡ್ಕೊಂಡು "ಅಜ್ಜಿ... ಅದು... ಆಮೇಲೆ ಏನಾದ್ರೂ..." ಅಂತ ತೊದಲ್ತಾ ಇದಾನೆ. ಅಜ್ಜಿಗೆ ಅರ್ಥ ಆಗಿ "ಇನ್ನೂ ಒಳ್ಳೇ ಗಂಡು ಸಿಕ್ಕಿಲ್ಲ ಅಂತ ಹಾಕೋ" ಅಂದ್ರು. ಪಾರ್ಕೇ ನಕ್ಕುಬಿಡ್ತು. ಇನ್ನೊಬ್ಬರು ಯಜಮಾನ್ರು, ಆ್ಯಪು ಕಣ್ಣು ಮಿಟುಕಿಸಿ ಅಂದ್ರೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಕೊಂಡು ಧ್ಯಾನಕ್ಕೆ ಕೂತಂಗೆ ಕೂತ್ಬಿಡೋರು. "ತಾತ, ಬಿಡಿ ಬಿಡಿ, ಕಣ್ ಬಿಡಿ!" ಅಂತ ಹುಡುಗ್ರು ಕೂಗೋದು, ಅಷ್ಟೊತ್ತಿಗೆ ಟೈಮ್ ಔಟ್.

ಕೊನೇಗೆ ಬಂದೋರು ಮೂಲೆ ಮನೆ ತಾತ. ಯಾರ ಜತೆಗೂ ಹೆಚ್ಚು ಮಾತಿಲ್ಲ, ಪೊಲೀಸ್ನೋರಿಗೆ ಅತಿ ಹೆಚ್ಚು ಫೋನ್ ಮಾಡಿದೋರೂ ಇವರೇ ಅಂತ ಹುಡುಗ್ರ ಲೆಕ್ಕ. ಅವರದ್ದು ಇಪಿಎಫ್ ಪೆನ್ಷನ್, ಅಂದ್ರೆ ಪ್ರಾವಿಡೆಂಟ್ ಫಂಡ್ ಕಡೆಯಿಂದ ಬರೋದು, ಅದಕ್ಕೆ ನವೆಂಬರೇ ಆಗ್ಬೇಕು ಅಂತಿಲ್ಲ, ಯಾವಾಗ ಕೊಟ್ರೂ ಅಲ್ಲಿಂದ ಒಂದು ವರ್ಷ ನಡಿಯತ್ತೆ, ಆದ್ರೂ ಬಂದಿದ್ರು. ಹಳೇ ಪ್ಲಾಸ್ಟಿಕ್ ಕವರಿಂದ ಪಿಪಿಒ, ಅಂದ್ರೆ ಪೆನ್ಷನ್ ಆರ್ಡರ್ ಕಾಗದ ತೆಗೆದ್ರು, ಜತೆಗೆ ಒಂದು ಮಾಸಿದ ಐಡಿ ಕಾರ್ಡು ಬಿತ್ತು. ಸೈಲೆನ್ಸರ್ ಹುಡುಗ ಎತ್ಕೊಂಡು ಓದಿದ. ಐಡಿಯಲ್ ಜಾವಾ, ಮೈಸೂರು.

"ತಾತಾ... ನೀವು ಜಾವಾದಲ್ಲಿದ್ರಾ?"

"ಇಪ್ಪತ್ಮೂರು ವರ್ಷ ಕಣಪ್ಪ. ಅಸೆಂಬ್ಲಿ. 96ರಲ್ಲಿ ಬಾಗ್ಲಾಕಿದ್ರಲ್ಲ, ಅಲ್ಲೀವರ್ಗೂ."

ಟೇಬಲ್ ಹತ್ರ ಇದ್ದ ಹುಡುಗ್ರೆಲ್ಲ ಮುತ್ತಿಗೆ ಹಾಕಿದ್ರು. ಬೇರೆ ಊರೋರಿಗೆ ಇದು ಏನು ಅಂತ ಅರ್ಥ ಆಗ್ದೇ ಇರಬಹುದು. ಯಾದವಗಿರಿಯಲ್ಲಿ ಆ ಕಾರ್ಖಾನೆ ಇತ್ತು, ಅರವತ್ತರ ದಶಕದಲ್ಲಿ ಜಾವಾ ಬೈಕು, ಆಮೇಲೆ ಯೆಜ್ಡಿ, ಅದರಲ್ಲೇ ರೋಡ್‌ಕಿಂಗು, ದೇಶಕ್ಕೆಲ್ಲ ಇಲ್ಲಿಂದಲೇ ಹೋಗಿದ್ದು. ಈಗ ಬೈಕ್ ಹುಚ್ಚಿರೋ ಹುಡುಗ್ರಿಗೆ ಅದು ದೇವರು, ಚೆನ್ನಾಗಿ ರೆಡಿ ಮಾಡಿಸಿದ ಒಂದು ರೋಡ್‌ಕಿಂಗ್‌ಗೆ ಲಕ್ಷದ ಮೇಲೆ ಕೇಳ್ತಾರೆ. ಪೆನ್ಷನ್ ಎಷ್ಟು ತಾತ ಅಂತ ಒಬ್ಬ ಕೇಳ್ದ. ಇಪಿಎಫ್ ಪೆನ್ಷನ್ 2014ರಿಂದ ಕನಿಷ್ಠ ತಿಂಗಳಿಗೆ 1000 ರೂಪಾಯಿ, ಇವರಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಬರತ್ತೆ, ಅಷ್ಟೇ. "ವಾರಕ್ಕಾ?" ಅಂದ ಅವನು. ತಮಾಷೆಗಲ್ಲ, ನಿಜವಾಗ್ಲೂ ಹಂಗೇ ಅಂದ್ಕೊಂಡಿದ್ದ. ತಾತ ಏನೂ ಹೇಳ್ಲಿಲ್ಲ, ಕಾಗದ ಮಡಚಿ ಕವರಿಗೆ ಹಾಕ್ಕೊಂಡ್ರು.

ಹುಡುಗ್ರಲ್ಲಿ ಒಬ್ಬನ ಹತ್ರ ಅವರ ಮಾವಂದು ಹಳೇ ಯೆಜ್ಡಿ ಇತ್ತು, ಕಿಕ್ ಹೊಡೆದೂ ಹೊಡೆದೂ ಕಾಲು ನೋವು ಬಂದ್ರೂ ಸ್ಟಾರ್ಟ್ ಆಗಲ್ಲ ಅಂತ ಶೆಡ್ಡಲ್ಲಿ ನಿಲ್ಲಿಸಿದ್ದ. ತಳ್ಕೊಂಡು ಬಂದೇಬಿಟ್ಟ. ತಾತ ಮೊದಲು ಟ್ಯಾಂಕ್ ಮುಚ್ಚಳ ತೆಗೆದು ಮೂಸಿದ್ರು, "ಪೆಟ್ರೋಲಿಗೆ ಆಯಿಲ್ ಜಾಸ್ತಿ ಸುರಿದಿದೀಯ" ಅಂದ್ರು. ಪ್ಲಗ್ ಬಿಚ್ಚಿಸಿದ್ರು, ಕರ್ರಗೆ ಒದ್ದೆ. ಆಮೇಲೆ ಕವರ್ ತೆಗ್ಸಿ ಇಗ್ನಿಷನ್ ಪಾಯಿಂಟ್ ನೋಡಿ, ಎಮರಿ ಪೇಪರಿನ ಸಣ್ಣ ತುಂಡು ಮಡಚಿ ಮಧ್ಯೆ ಎರಡು ಸಲ ಎಳೆದ್ರು, ಕೈ ನಡುಗ್ತಿತ್ತು, ಆದ್ರೆ ಪಾಯಿಂಟ್ ಹತ್ರ ಹೋದಾಗ ನಡುಗ್ತಿರ್ಲಿಲ್ಲ, ಇದನ್ನ ನಾನು ಹತ್ತಿರದಿಂದ ನೋಡಿದೀನಿ. ಆ ಗಾಡೀಲಿ ಗೇರ್ ಲಿವರನ್ನೇ ಒಳಗೆ ಒತ್ತಿ ತಿರುಗಿಸಿದ್ರೆ ಅದೇ ಕಿಕ್ಕರ್ ಆಗತ್ತೆ, ಹುಡುಗನ್ನ ಪಕ್ಕಕ್ಕೆ ಸರಿಸಿ "ಒದೀಬೇಡ್ವೋ, ಮೊದ್ಲು ನಿಧಾನಕ್ಕೆ ತುಳಿದು ಕಂಪ್ರೆಶನ್ ನೋಡು" ಅಂದ್ರು. ಎರಡನೇ ಕಿಕ್ಕಿಗೆ ಎರಡೂ ಸೈಲೆನ್ಸರಿಂದ ಬಿಳಿ ಹೊಗೆ, ಬೀದಿ ತುಂಬ ಸೌಂಡು. ಮಜಾ ಏನಂದ್ರೆ ಸೌಂಡ್ ಅಂದ್ರೆ ಉರಿದು ಬೀಳೋ ಯಜಮಾನ್ರೆಲ್ಲ ಕಾಂಪೌಂಡ್ ಹತ್ರ ಬಂದು ನಿಂತು ನಮ್ಮತ್ರಾನೂ ಒಂದಿತ್ತು ಅಂತ ಶುರು ಮಾಡಿದ್ರು. ಒಬ್ಬರು ಹೆಂಡತಿನ ಮೊದಲ್ನೇ ಸಲ ಚಾಮುಂಡಿ ಬೆಟ್ಟಕ್ಕೆ ಕರ್ಕೊಂಡು ಹೋಗಿದ್ದ ಕತೆ, ಆ ಹೆಂಡತಿ ಅಲ್ಲೇ ಪಕ್ಕದಲ್ಲಿ "ನನ್ನಲ್ಲ, ಸುಳ್ಳು" ಅಂತ.

ಅಲ್ಲಿಂದಾಚೆಗೆ ಎಲ್ಲಾ ಸರಿಹೋಯ್ತು ಅಂತ ಅಂದ್ಕೋಬೇಡಿ. ಸೈಲೆನ್ಸರ್ ಹುಡುಗ ಇನ್ನೂ ಸೈಲೆನ್ಸರ್ ಬದಲಾಯಿಸಿಲ್ಲ, ಕಾರ್ನರಿಂದ ಇಂಜಿನ್ ಆಫ್ ಮಾಡಿ ತಳ್ಕೊಂಡು ಬರ್ತಾನೆ ಅಷ್ಟೇ, ಅದೂ ತಾತನ ಮನೆ ದಾಟೋವರೆಗೆ ಮಾತ್ರ. ಪಾರ್ಕಲ್ಲಿ ಕ್ರಿಕೆಟ್ ವಿಷಯ ಮೀಟಿಂಗಲ್ಲಿ ಇನ್ನೂ ಪೆಂಡಿಂಗು. ಸಮ್ಮಿಲನಕ್ಕೆ ಪೇಟ ಶಾಲು ತಂದ ಬಿಲ್ಲು ನೋಡಿ ನಮ್ಮ ಟ್ರೆಶರರ್ ಇನ್ನೂ ಬೈತಾರೆ. ಆ ಕಾರ್ಯಕ್ರಮದಲ್ಲಿ ಯಾರಿಗೂ ಯಾರ ಹತ್ರಾನೂ ಏನೂ ಬೇಕಾಗಿರ್ಲಿಲ್ಲ, ಅದಕ್ಕೇ ಅದು ಉಪ್ಪಿಟ್ಟಿಗೆ ಮುಗೀತು ಅನ್ಸತ್ತೆ ನಂಗೆ. ಮೊನ್ನೆ ತಾತನೇ ನನ್ನ ನಿಲ್ಲಿಸಿ ಕೇಳಿದ್ರು, "ಆ ಹುಡುಗ್ರು ಇನ್ನೊಂದ್ ಗಾಡಿ ತಂದಿದಾರಂತೆ, 1975ರದ್ದಂತೆ, ನಂಗೆ ಹೇಳೇ ಇಲ್ವಲ್ಲೋ?"