ಬಣ್ಣ ಎಲ್ಲಿಗೆ ಹೋಯಿತು?

ಕಳೆದ ಮಂಗಳವಾರ ಮಧ್ಯಾಹ್ನ ನಮ್ಮ ರಸಾಯನಶಾಸ್ತ್ರ ವಿಭಾಗದ ತಾರಸಿಯ ಮೇಲೆ, ದೊಡ್ಡಬಳ್ಳಾಪುರದಲ್ಲಿ ನೂಲಿಗೆ ಬಣ್ಣ ಹಾಕುವ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ. ಅವರು ಎಂಎಸ್ಸಿ ಅಂತಿಮ ವರ್ಷದಲ್ಲಿರುವ ನನ್ನ ವಿದ್ಯಾರ್ಥಿನಿಯ ತಂದೆ. ಶುಲ್ಕ ಕಟ್ಟಲು ಬಂದಿದ್ದರು. ಬಣ್ಣದ ತ್ಯಾಜ್ಯ ನೀರನ್ನು ಬಿಸಿಲಿನಲ್ಲಿ ತಿಳಿ ಮಾಡಲು ಮಗಳು ಒಂದು ತಿಂಗಳಿನಿಂದ ಮಾಡುತ್ತಿರುವ ಕೆಲಸವನ್ನು ನೋಡಿಕೊಂಡು ಹೋಗಲಿ ಎಂದು ನಾನೇ ಮೇಲಕ್ಕೆ ಕರೆದುಕೊಂಡು ಹೋದೆ. ಅವರ ಎರಡೂ ಕೈಗಳು ಮೊಣಕೈವರೆಗೆ ಕೆಂಪಾಗಿದ್ದವು. ಉಗುರಿನ ಸಂದುಗಳಲ್ಲಿ ಆ ಕೆಂಪು ಕಪ್ಪಿಗೆ ತಿರುಗಿತ್ತು. ನನ್ನೆದುರು ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತಿದ್ದರು.

ಹುಡುಗಿ ಬೆಳೆಸಿದ್ದು ಜಿಂಕ್ ಆಕ್ಸೈಡಿನ, ಅಂದರೆ ಸತುವಿನ ಆಕ್ಸೈಡಿನ, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಹರಳುಗಳನ್ನು. ಜಿಂಕ್ ನೈಟ್ರೇಟನ್ನೂ ಹೆಕ್ಸಮೀನನ್ನೂ ನೀರಿನಲ್ಲಿ ಕರಗಿಸಿ, ಟೆಫ್ಲಾನ್ ಬಟ್ಟಲಿಗೆ ಸುರಿದು, ಬಟ್ಟಲನ್ನು ಆಟೋಕ್ಲೇವ್ ಎಂಬ ಬಿಗಿ ಮುಚ್ಚಳದ ಉಕ್ಕಿನ ಪಾತ್ರೆಯಲ್ಲಿ ಬಿಗಿದು, 90 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಇಡುತ್ತೇವೆ. ಹೆಕ್ಸಮೀನ್ ಬಿಸಿಗೆ ನಿಧಾನವಾಗಿ ಒಡೆದು ಅಮೋನಿಯಾವನ್ನು ಬಿಡುತ್ತಾ ಹೋಗುವುದರಿಂದ ಸತುವು ಒಮ್ಮೆಗೇ ತಳಕ್ಕೆ ಕೂರದೆ, ಪದರದ ಮೇಲೆ ಪದರವಾಗಿ ಒಂದೇ ದಿಕ್ಕಿನಲ್ಲಿ ಬೆಳೆಯುತ್ತದೆ. ಅವಸರ ಮಾಡಿ ನೇರವಾಗಿ ಕ್ಷಾರ ಸುರಿದರೆ ಸಿಗುವುದು ಆಕಾರವಿಲ್ಲದ ಗಂಟುಗಳು ಮಾತ್ರ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ನಮ್ಮ ಹರಳುಗಳು ಆರು ಮೂಲೆಯ ಪೆನ್ಸಿಲ್‌ಗಳ ಕಟ್ಟಿನಂತೆ ಕಂಡ ದಿನ ಆ ಹುಡುಗಿ ಊಟವನ್ನೇ ಮರೆತಿದ್ದಳು. ಅಷ್ಟು ತಾಳ್ಮೆಯ ವಿದ್ಯಾರ್ಥಿಗಳು ನನಗೆ ಹೆಚ್ಚು ಸಿಕ್ಕಿಲ್ಲ.

ತಾರಸಿಯಲ್ಲಿ ತೋರಿಸಿದ್ದು ಎಲ್ಲರೂ ತೋರಿಸುವ ಪ್ರಯೋಗವನ್ನೇ. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ನೀರಿಗೆ ಚಿಟಿಕೆಯಷ್ಟು ಈ ಹರಳಿನ ಪುಡಿ ಹಾಕಿ, ಕಲಕುತ್ತಾ ಬಿಸಿಲಿಗಿಟ್ಟೆವು. ಬಿಸಿಲಿನ ಅತಿನೇರಳೆ ಕಿರಣ ಹರಳಿಗೆ ತಗುಲಿದಾಗ ಅದರೊಳಗಿನ ಎಲೆಕ್ಟ್ರಾನ್ ಮೇಲಕ್ಕೆ ಜಿಗಿಯುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗ ನೀರಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅತಿ ಚುರುಕಿನ ಕಣವನ್ನು ಹುಟ್ಟಿಸುತ್ತದೆ, ಆ ಕಣ ಬಣ್ಣದ ಅಣುವನ್ನು ಕಡಿಯುತ್ತದೆ. ಎರಡು ಗಂಟೆಯಲ್ಲಿ ನೀಲಿ ನೀರು ತಿಳಿಯಾಯಿತು. ಹಿರಿಯರು ಬೀಕರನ್ನು ಆಕಾಶಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಬಣ್ಣ ಹೋಯ್ತು ಸಾರ್, ಒಪ್ಕೊಂಡೆ. ಎಲ್ಲಿಗೋಯ್ತು?”

ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ ಯಜಮಾನರೇ ಎಂದು, ಪಾಠದಲ್ಲಿ ಹೇಳುವಂತೆಯೇ ಹೇಳಿದೆ. “ಆಗಿದೆ ಅಂತ ಅಳೆದು ನೋಡಿದೀರಾ?” ಎಂದರು. ನಾವು ಅಳೆದಿರಲಿಲ್ಲ. ಆ ಬಣ್ಣ ಹೀರಿಕೊಳ್ಳುವ 664 ನ್ಯಾನೋಮೀಟರಿನ ಬೆಳಕಿನಲ್ಲಿ ನೀಲಿ ಎಷ್ಟು ಇಳಿಯಿತು ಎಂಬುದನ್ನಷ್ಟೇ ಅಳೆದಿದ್ದೆವು. ಮಗಳು ತಲೆ ತಗ್ಗಿಸಿದಳು. ತಗ್ಗಿಸಬೇಕಾದದ್ದು ನಾನು.

ಆ ಮಾತನ್ನು ವಾರವಿಡೀ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಮೆಥಿಲೀನ್ ಬ್ಲೂ ಬಣ್ಣ ಕಳೆದುಕೊಳ್ಳಲು ನಾಶವಾಗಲೇಬೇಕೆಂದಿಲ್ಲ. ಎರಡು ಎಲೆಕ್ಟ್ರಾನ್ ಪಡೆದರೆ ಸಾಕು, ಬಣ್ಣವಿಲ್ಲದ ರೂಪಕ್ಕೆ ತಿರುಗುತ್ತದೆ. ಗಾಳಿ ತಾಕಿದರೆ ಮತ್ತೆ ನೀಲಿಯಾಗುತ್ತದೆ. ಶೀಶೆ ಅಲ್ಲಾಡಿಸಿ ನೀಲಿ ತರಿಸುವ ಈ ಆಟವನ್ನು ಪಿಯುಸಿ ಮಕ್ಕಳಿಗೂ ತೋರಿಸುತ್ತೇವೆ. ಬಣ್ಣ ಪುಡಿಯ ಮೈಗೆ ಅಂಟಿಕೊಂಡು ಕುಳಿತಿರಲೂಬಹುದು. ಅಣು ಅರ್ಧಕ್ಕೆ ಮುರಿದು, ಕಣ್ಣಿಗೆ ಕಾಣದ ತುಂಡುಗಳಾಗಿ ನೀರಿನಲ್ಲೇ ಉಳಿದಿರಲೂಬಹುದು. ಬಟ್ಟೆಗೆ ಹಾಕುವ ಅಜೋ ಎಂಬ ಬಗೆಯ ಬಣ್ಣಗಳು ಅರೆಬರೆ ಒಡೆದಾಗ ಉಳಿಯುವ ಅಮೀನು ಎಂಬ ತುಂಡುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತ ಹೆಚ್ಚು ಅಪಾಯಕಾರಿ. ಬಣ್ಣ ಅಳೆಯುವ ಯಂತ್ರಕ್ಕೆ ಇವೆಲ್ಲವೂ ಒಂದೇ: ತಿಳಿ ನೀರು.

ಮರುದಿನ ಮಗಳ ಕೈಯಲ್ಲಿ ಅವರು ಒಂದು ಕ್ಯಾನ್ ಕಳುಹಿಸಿದರು. ಹತ್ತಿ ನೂಲಿನ ಲಡಿಗಳಿಗೆ ಕೆಂಪು ಹಾಕಿದ ತೊಟ್ಟಿಯ ನೀರು. ನೂಲಿಗೆ ಹತ್ತದೆ ಉಳಿದ ಬಣ್ಣದ ಜೊತೆ ಸೇರುಗಟ್ಟಲೆ ಉಪ್ಪು ಮತ್ತು ಸೋಡಾ ಅದರಲ್ಲಿದ್ದವು. ಜಿಂಕ್ ಆಕ್ಸೈಡ್ ಆಮ್ಲದಲ್ಲೂ ಕರಗುತ್ತದೆ, ತೀಕ್ಷ್ಣ ಕ್ಷಾರದಲ್ಲೂ ಕರಗುತ್ತದೆ. ಹಾಗಾಗಿ ಸೋಡಾದಿಂದ ಕ್ಷಾರವಾಗಿದ್ದ ನೀರನ್ನು ಮೊದಲು ಆಮ್ಲ ಹಾಕಿ ಹದಕ್ಕೆ ತರಬೇಕಿತ್ತು. ಆಮ್ಲ ಬೀಳುತ್ತಲೇ ಸೋಡಾ ಬುರಬುರನೆ ಉಕ್ಕಿ, ಕೆಂಪು ನೊರೆ ಬೀಕರಿನ ಅಂಚಿಗೆ ಬಂದಿತು. ಪುಡಿ ಹಾಕಿ ಗುರುವಾರ ನಾಲ್ಕು ಗಂಟೆ ಬಿಸಿಲಿಗಿಟ್ಟೆವು. ಸೂರ್ಯನ ಬೆಳಕಿನಲ್ಲಿ ಈ ಹರಳಿಗೆ ಬೇಕಾದ ಅತಿನೇರಳೆ ಇರುವುದೇ ನೂರಕ್ಕೆ ನಾಲ್ಕೈದು ಪಾಲು, ಆ ಗಾಢ ಕೆಂಪಿನೊಳಗೆ ಅದು ಬೆರಳಗಲವೂ ಇಳಿಯುವುದಿಲ್ಲ. ಅಲ್ಲಲ್ಲಿ ಹುಟ್ಟಿದ ರ‍್ಯಾಡಿಕಲ್‌ಗಳನ್ನು ಉಳಿದ ಸೋಡಾ ಮತ್ತು ಉಪ್ಪು ಬಣ್ಣಕ್ಕಿಂತ ಮೊದಲೇ ನುಂಗುತ್ತವೆ. ಸಂಜೆ ಶೋಧಿಸಿದಾಗ ನೀರಿನ ಕೆಂಪು ಕೊಂಚ ತೆಳುವಾಗಿತ್ತು; ಶೋಧಕ ಕಾಗದದ ಮೇಲೆ ಉಳಿದ ಬಿಳಿ ಪುಡಿ ದಾಸವಾಳದ ಎಸಳಿನಂತೆ ಕೆಂಪಾಗಿತ್ತು. ಬಣ್ಣ ಎಲ್ಲಿಗೆ ಹೋಯಿತೆಂಬುದು ಆ ಕಾಗದದ ಮೇಲೇ ಇತ್ತು.

ಶುಕ್ರವಾರ ಸಿಒಡಿ ಮಾಡಿದೆವು. ಡೈಕ್ರೋಮೇಟ್ ಹಾಕಿ ಎರಡು ಗಂಟೆ ಕುದಿಸಿ, ನೀರಿನಲ್ಲಿರುವ ಸಾವಯವ ಕೊಳೆಯನ್ನೆಲ್ಲ ಉರಿಸಲು ಎಷ್ಟು ಆಮ್ಲಜನಕ ಬೇಕೆಂದು ಲೆಕ್ಕ ಹಾಕುವ ಪರೀಕ್ಷೆ ಇದು. ಬಣ್ಣವಿದ್ದರೂ ಇಲ್ಲದಿದ್ದರೂ ಇದರ ಲೆಕ್ಕ ತಪ್ಪುವುದಿಲ್ಲ. ಕೊಳೆ ಹತ್ತರಲ್ಲಿ ಒಂದು ಪಾಲೂ ಕಡಿಮೆಯಾಗಿರಲಿಲ್ಲ. ಹೊಳೆಗೆ ಬಿಡುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಮೀರಬಾರದೆಂಬ ನಿಯಮದಿಂದ ನಾವು ಬಹಳ ದೂರದಲ್ಲಿದ್ದೆವು. ಹತ್ತು ಪಟ್ಟು ತೆಳು ಮಾಡಿದರೆ ಪುಡಿ ಚೆನ್ನಾಗಿಯೇ ಕೆಲಸ ಮಾಡುತ್ತದೆಂದು ಫೋನಿನಲ್ಲಿ ಹಿರಿಯರಿಗೆ ತಿಳಿಸಿದೆ. “ಒಂದು ಬಿಂದಿಗೆಗೆ ಒಂಬತ್ತು ಬಿಂದಿಗೆ ಒಳ್ಳೇ ನೀರು ಸುರಿಯೋ ಹಂಗಿದ್ರೆ ನಿಮ್ಮ ಪುಡಿ ಯಾಕ್ ಬೇಕು ಸಾರ್?” ಎಂದರು. ಅವರ ದನಿಯಲ್ಲಿ ಚುಚ್ಚುವ ಭಾವ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು.

ನಮ್ಮ ಪುಡಿಯಂತೆಯೇ ಬೆಳಕಿಗೆ ಕೆಲಸ ಮಾಡುವ ಟೈಟಾನಿಯಂ ಡೈಆಕ್ಸೈಡ್ ನೀರನ್ನು ಒಡೆಯಬಲ್ಲದೆಂದು ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಪ್ರಕಟಿಸಿದ್ದು 1972ರಲ್ಲಿ. ಮುಚ್ಚಿದ ಪಾತ್ರೆಯ ಬಿಸಿನೀರಿನಲ್ಲಿ ಹರಳು ಬೆಳೆಸುವ ವಿದ್ಯೆಯನ್ನು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆ. ಬೈರಪ್ಪನವರು ದಶಕಗಳ ಕಾಲ ಬೆಳೆಸಿದರು. ವಿದ್ಯೆಗೆ ಕೊರತೆಯಿಲ್ಲ. ನಾವು ಆರಿಸಿಕೊಳ್ಳುವ ನೀರಿನ ಬಗ್ಗೆ ನನ್ನ ತಕರಾರು. ಬಟ್ಟಿ ಇಳಿಸಿದ ನೀರಿಗೆ ಲೀಟರಿಗೆ ಹತ್ತು ಮಿಲಿಗ್ರಾಂ ಬಣ್ಣ ಹಾಕಿ, ಅದನ್ನೇ ಕಾರ್ಖಾನೆಯ ತ್ಯಾಜ್ಯವೆಂದು ಕರೆದು ಪ್ರಬಂಧ ಬರೆಯುತ್ತೇವೆ. “ಪ್ರಾಜೆಕ್ಟಿಗೆ ಇಷ್ಟು ಸಾಕು, ಆ ಹುಡುಗಿಯ ಅಂಕ ಯಾಕೆ ಹಾಳು ಮಾಡುತ್ತೀರಿ” ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ಒಳ್ಳೆಯ ಮನುಷ್ಯರು, ಮಕ್ಕಳ ಮೇಲೆ ನಿಜವಾದ ಕಾಳಜಿ ಉಳ್ಳವರು. ಆದರೂ ಅವರ ಮಾತನ್ನು ನಾನು ಒಪ್ಪಲಾರೆ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ದೊಡ್ಡಬಳ್ಳಾಪುರವನ್ನು ಹಾದೇ ಹೆಸರಘಟ್ಟದ ಕಡೆಗೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ ಇಳಿಯಬೇಕು. ಆ ದಾರಿಗೆ ಸೇರುವುದು ಕ್ಯಾನಿನಲ್ಲಿದ್ದಂತಹ ನೀರೇ ಹೊರತು ನಮ್ಮ ಬೀಕರಿನದಲ್ಲ.

ಶನಿವಾರ ಹುಡುಗಿ ತನ್ನ ಟಿಪ್ಪಣಿ ಪುಸ್ತಕವನ್ನು ತಂದಿದ್ದಳು. ಮೊದಲು ಸುಣ್ಣ ಮತ್ತು ಪಟಿಕದಿಂದ ಬಣ್ಣವನ್ನು ಆದಷ್ಟು ಕೆಳಗೆ ಕೂರಿಸಿ, ತೆಳುವಾದ ನೀರನ್ನು ಮಾತ್ರ ಹರಳುಗಳಿಗೆ ಒಪ್ಪಿಸುವುದು. ಪುಡಿಯನ್ನು ಗಾಜಿನ ಪಟ್ಟಿಯ ಮೇಲೇ ಬೆಳೆಸಿ, ಅದು ನೀರಿನೊಡನೆ ಹರಿದುಹೋಗದಂತೆ ನೋಡಿಕೊಳ್ಳುವುದು. ನೀರಿಗೆ ಕರಗಿ ಸೇರುವ ಸತುವನ್ನೂ ಅಳೆಯುವುದು. ಇಷ್ಟನ್ನು ತಾನೇ ಯೋಚಿಸಿ ಬರೆದಿದ್ದಳು. ಮಾದರಿಯ ಹೆಸರಿನ ಜಾಗದಲ್ಲಿ ‘ಅಪ್ಪನ ತೊಟ್ಟಿ, ಮೊದಲನೇ ನೀರು’ ಎಂದಿತ್ತು. ಸೋಮವಾರ ಎರಡನೇ ತೊಳೆತದ ನೀರು ಬರುತ್ತದೆಯಂತೆ. ಗಾಜಿನ ಪಟ್ಟಿಗಳನ್ನು ಬಟ್ಟಲಿನಲ್ಲಿ ಓರೆಯಾಗಿ ನಿಲ್ಲಿಸಿ, ಆಟೋಕ್ಲೇವಿನ ಮುಚ್ಚಳ ಬಿಗಿದು, ನಾವಿಬ್ಬರೂ ಮನೆಗೆ ಹೊರಟಾಗ ಏಳು ಗಂಟೆಯಾಗಿತ್ತು.