ಕುಂಭ ಮಾಸದ ಕಡಲು: ಮಂಜೇಶ್ವರದಿಂದ ಪಡನ್ನದವರೆಗೆ

ಫೆಬ್ರವರಿ ಮುಗಿಯುತ್ತ ಬಂದಾಗ ಕಾಸರಗೋಡಿನ ಕಡಲು ಕಣ್ಣಿಗೆ ಬಲು ಚೆಂದ. ತೆರೆಗಳ ಅಬ್ಬರ ಇಳಿದಿರುತ್ತದೆ, ಮೊಣಕಾಲುದ್ದದ ನೀರಿನಲ್ಲಿ ನಿಂತರೆ ತಳದ ಮರಳಿನ ಗೆರೆಗಳೂ ಎಣಿಸುವಷ್ಟು ಸ್ಪಷ್ಟ. ಇಷ್ಟು ಸೌಮ್ಯವಾದ ಕಡಲಿನಲ್ಲಿ ದೋಣಿ ಇಳಿಸುವುದು ಸುಲಭ, ಮೀನೂ ಧಾರಾಳವಾಗಿ ಸಿಗಬೇಕು ಎಂದು ಘಟ್ಟದ ಮೇಲಿನ ನಾವೆಲ್ಲ ಅಂದುಕೊಳ್ಳುತ್ತೇವೆ. ದೋಣಿ ಇಳಿಸುವುದು ಸುಲಭವೆಂಬುದು ನಿಜ. ಮೀನಿನ ಮಾತು ಹಾಗಿಲ್ಲ. ಆ ಲೆಕ್ಕವನ್ನು ಕಡಲಿನವರ ಬಾಯಿಂದಲೇ ಕೇಳಬೇಕೆಂದು ಮಂಗಳೂರಿನಿಂದ ಕಣ್ಣೂರಿನ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಹಿಡಿದು ಗಡಿ ದಾಟಿದೆ.

ಮಂಜೇಶ್ವರದ ಮೀನುಗಾರಿಕಾ ಬಂದರು 2020ರಲ್ಲಿ ಉದ್ಘಾಟನೆಯಾದದ್ದು. ಎರಡು ಕಡೆಯಿಂದ ಕಲ್ಲಿನ ತಡೆಗೋಡೆಗಳು ಕಡಲಿನೊಳಕ್ಕೆ ಚಾಚಿಕೊಂಡಿವೆ. ಅವುಗಳ ನಡುವಿನ ನೀರಿನಲ್ಲಿ ಫೈಬರ್ ದೋಣಿಗಳು ಸಾಲಾಗಿ ನಿಲ್ಲುತ್ತವೆ. ನಾನು ಹೋದ ಬೆಳಿಗ್ಗೆ ಪಟ್ಟಬಲೆಯ ದೋಣಿಗಳು ಒಂದೊಂದಾಗಿ ಬರುತ್ತಿದ್ದವು. ಹೆಚ್ಚಿನವುಗಳಲ್ಲಿ ಬಂಗುಡೆ, ಅದೂ ಅರ್ಧ ಕ್ರೇಟು, ಮುಕ್ಕಾಲು ಕ್ರೇಟು. ಒಂದು ದೋಣಿಯಲ್ಲಿ ಮಾತ್ರ ನಾಲ್ಕಾರು ದಪ್ಪ ಅಂಜಲ್ ಇದ್ದವು. ಅವು ದಡಕ್ಕೆ ಬಂದದ್ದೇ ತಡ, ಏಲಂ ಕೂಗುವವನ ದನಿ ಏರಿತು, ಹೋಟೆಲಿನವರು ಮುತ್ತಿಕೊಂಡರು. ನಂಗ್ ಎಂಬ ಚಪ್ಪಟೆ ಮೀನು ಮತ್ತು ಸಣ್ಣ ಸಿಗಡಿಯನ್ನು ಬುಟ್ಟಿಗೆ ತುಂಬಿಸಿಕೊಂಡ ಹೆಂಗಸರು ಈ ಗದ್ದಲದ ಕಡೆಗೆ ತಿರುಗಿಯೂ ನೋಡದೆ ಹೊರಟುಹೋದರು. ಮನೆಮನೆಯ ಗಿರಾಕಿ ಕಾಯುತ್ತಿದ್ದಾರಲ್ಲ.

ಬಲೆ ಬಿಡಿಸುತ್ತ ಕುಳಿತಿದ್ದ, ಕಡಲ ಮೀನುಗಾರ ಸಮುದಾಯದ ಹಿರಿಯ ಮೊಗವೀರರೊಬ್ಬರ ಪಕ್ಕದಲ್ಲಿ ನಾನೂ ಕುಳಿತೆ. ಈ ಕಾಲದಲ್ಲಿ ನಸುಕಿನವರೆಗೂ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ, ಮಧ್ಯಾಹ್ನ ತಿರುಗಿದರೆ ವಾಯುವ್ಯದ ಗಾಳಿ ನೀರನ್ನು ಕದಡುತ್ತದೆ. ಅದಕ್ಕೇ ಕತ್ತಲಲ್ಲಿ ಹೋಗಿ ಬಿಸಿಲೇರುವ ಮೊದಲು ಮರಳುವ ರೂಢಿ. ತಿಳಿನೀರು ಬಲೆಗೆ ಶತ್ರು ಎಂದರು ಅವರು. ಹಗಲಿನಲ್ಲಿ ಮೀನಿಗೆ ಬಲೆಯ ಕಣ್ಣು ಕಾಣಿಸುತ್ತದೆ. ಹುಣ್ಣಿಮೆಯ ಆಸುಪಾಸಿನಲ್ಲಿ ರಾತ್ರಿಯೂ ಹಾಗೆಯೇ. ಅಮಾವಾಸ್ಯೆಯ ಕಡೆಗಿನ ಇರುಳುಗಳೇ ಅವರಿಗೆ ಇಷ್ಟ.

“ಆಟಿ ತಿಂಗಳಲ್ಲಿ ಕಡಲು ಚೆನ್ನಾಗಿ ಕಲಕಿದ್ದರೆ ಮಾತ್ರ ಈಗ ನಮಗೆ ಏನಾದರೂ ಉಂಟು, ಅಣ್ಣ” ಎಂದರು.

ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು. ಈ ಒಂದು ಮಾತಿಗಾಗಿಯೇ ನಾನು ಅಷ್ಟು ದೂರ ಹೋಗಿದ್ದೆ ಎನ್ನಬಹುದು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಈ ಕರಾವಳಿಯಲ್ಲಿ ಗಾಳಿ ಮೇಲ್ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಸಾರವನ್ನು ಹೊತ್ತು ಮೇಲೇರುತ್ತದೆ. ಅದರಿಂದ ಹಸಿರು ಜೀವಾಣುಗಳು ಹುಟ್ಟುತ್ತವೆ, ಅವುಗಳನ್ನು ತಿಂದು ಭೂತಾಯಿ (ಮತ್ತಿ ಮೀನು) ಮತ್ತು ಬಂಗುಡೆಯ ಹಿಂಡುಗಳು ಬೆಳೆಯುತ್ತವೆ. ನಾವು ಹೆದರಿ ದೂರ ನಿಲ್ಲುವ ಆ ಕಪ್ಪು, ಕೆಸರು ಕಡಲೇ ಊಟ ಬಡಿಸುವ ಕಡಲು. ಫೆಬ್ರವರಿ-ಮಾರ್ಚಿಯ ನೀಲಿ ನೀರಿನಲ್ಲಿ ಸಾರ ಕಡಿಮೆ, ಮೇಲ್ಪದರ ಬೆಚ್ಚಗೆ. ಕಣಜದಲ್ಲಿ ಉಳಿದ ಭತ್ತವನ್ನು ಬೇಸಗೆಯಲ್ಲಿ ಅಳೆದು ಬೇಯಿಸುವಂತೆ, ಈಗ ಬಲೆಗೆ ಬೀಳುವುದು ಹೋದ ಮಳೆಗಾಲದ ಉಳಿಕೆ.

ಆ ಉಳಿಕೆ ಎಷ್ಟು ಬೇಗ ಬರಿದಾಗಬಹುದು ಎಂಬುದಕ್ಕೆ ಭೂತಾಯಿಯ ಕಥೆ ಸಾಕು. 2012ರಲ್ಲಿ ಕೇರಳದ ದಡಗಳಿಗೆ ಸುಮಾರು 3.9 ಲಕ್ಷ ಟನ್ ಭೂತಾಯಿ ಬಂದಿತ್ತು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಅದು 3,297 ಟನ್ನಿಗೆ ಕುಸಿಯಿತು. ಆಮೇಲೆ ಚೇತರಿಸಿಕೊಂಡು 2023ರಲ್ಲಿ ಒಂದು ಲಕ್ಷ ಟನ್ ದಾಟಿತು. ಬಡವರ ಅನ್ನದ ಜೊತೆಗಾರ ಮೀನು ಇದು. ಕುಚ್ಚಲಕ್ಕಿ ಅನ್ನಕ್ಕೆ ಭೂತಾಯಿ ಪುಳಿಮುಂಚಿ ಎಂಬ ಹುಳಿಖಾರದ ಸಾರು ಇದ್ದರೆ ಈ ಕಡೆಯವರು ಬೇರೇನೂ ಕೇಳುವುದಿಲ್ಲ. ಹತ್ತು ಸೆಂಟಿಮೀಟರಿಗಿಂತ ಗಿಡ್ಡ ಭೂತಾಯಿಯನ್ನೂ ಹದಿನಾಲ್ಕು ಸೆಂಟಿಮೀಟರಿಗಿಂತ ಗಿಡ್ಡ ಬಂಗುಡೆಯನ್ನೂ ಹಿಡಿಯಬಾರದೆಂದು ಕೇರಳ ನಿಯಮ ಮಾಡಿದೆ, ಮತ್ತು ನನ್ನ ಮಟ್ಟಿಗೆ ಅದು ಬಹಳ ಒಳ್ಳೆಯ ನಿಯಮ. ಭೂತಾಯಿ ಮೊಟ್ಟೆಯಿಡುವ ಮುಖ್ಯ ಕಾಲ ಮಳೆಗಾಲವೇ. ಈಗ ಮರಿಯನ್ನು ಬಾಚಿಕೊಂಡರೆ ಆಗ ಮೊಟ್ಟೆಯಿಡುವುದಕ್ಕೆ ಯಾವುದು ಉಳಿಯಬೇಕು? ಬಂದರಿನ ಒಂದು ಮೂಲೆಯಲ್ಲಿ ಬೆರಳುದ್ದದ ಮರಿಗಳು ಬುಟ್ಟಿಯಲ್ಲಿ ಬಿದ್ದಿದ್ದುದನ್ನು ಕಂಡು ನನಗೆ ಸಂಕಟವಾಯಿತು. ಹಿರಿಯರೂ ಅದನ್ನು ನೋಡಿದರು, ಮುಖ ಸಿಂಡರಿಸಿದರು, ಮತ್ತೆ ಬಲೆಗೆ ಕೈಹಾಕಿದರು.

ನಿಯಮಗಳ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಗಡಿಯ ತಲಪಾಡಿಯ ಆಚೆ ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ ಮತ್ತು ಜುಲೈಯ 61 ದಿನಗಳ ನಿಷೇಧ. ಈಚೆ ಕೇರಳದಲ್ಲಿ ಬಲೆಯನ್ನು ದೋಣಿಯ ಹಿಂದೆ ಎಳೆಯುವ ಟ್ರಾಲಿಂಗ್‌ಗೆ ಜೂನ್ 9ರ ನಡುರಾತ್ರಿಯಿಂದ 52 ದಿನ. ಮೀನಿಗೆ ತಲಪಾಡಿ ಗೊತ್ತಿಲ್ಲ. ಎರಡೂ ಕಡೆಯವರು ಒಂದೇ ದಿನ ಬಾಗಿಲು ಹಾಕಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಉಪ್ಪಳವನ್ನು ರೈಲಿನ ಕಿಟಕಿಯಿಂದಷ್ಟೇ ನೋಡಿ ಕುಂಬಳೆಯಲ್ಲಿ ಇಳಿದೆ. ಶಿರಿಯಾ ಹೊಳೆ ಕಡಲು ಸೇರುವ ಅಳಿವೆ ಈ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಜಾಗ. ಬೇಸಗೆ ಹತ್ತಿರವಾದಂತೆ ಹೊಳೆಯ ಹರಿವು ಕುಗ್ಗುತ್ತದೆ, ಉಬ್ಬರದ ಉಪ್ಪುನೀರು ಒಳಕ್ಕೆ ನುಗ್ಗುತ್ತದೆ, ಅದರ ಜೊತೆಗೆ ಕಡಲಿನ ಮೀನೂ ಬರುತ್ತದೆ. ಮರಳದಿಣ್ಣೆಯ ಅಂಚಿನಲ್ಲಿ ಯುವಕನೊಬ್ಬ ಕಾಣೆಗೆ ಗಾಳ ಹಾಕಿ ಕಾದಿದ್ದ. ಕಾಣೆ ಮರಳಿನ ತಳದ ಮೀನು, ಬೆದರಿದರೆ ಮರಳಿನೊಳಗೆ ಹುದುಗಿಕೊಳ್ಳುತ್ತದೆ. ತಿಳಿನೀರಿನಲ್ಲಿ ದಪ್ಪ ದಾರ ಕಂಡರೆ ಹತ್ತಿರ ಸುಳಿಯುವುದಿಲ್ಲ. ಆದ್ದರಿಂದ ಅವನದು ಕೂದಲೆಳೆಯ ದಾರ, ಸಣ್ಣ ಕೊಕ್ಕೆ, ಸಿಗಡಿಯ ತುಣುಕು. ಉಬ್ಬರ ಏರತೊಡಗಿದ ಮೊದಲ ಗಳಿಗೆಯಲ್ಲೇ ಕಾಣೆ ಬಾಯಿ ಹಾಕುತ್ತದೆ, ನೀರು ತುಂಬಿ ನಿಂತ ಮೇಲೆ ಕಾದು ಪ್ರಯೋಜನವಿಲ್ಲ ಎಂದು ಅವನು ಹೇಳಿದ. ಹೇಳುತ್ತಿರುವಾಗಲೇ ದಾರ ಜಗ್ಗಿತು. ಬೆಳ್ಳಿಯ ಮೈ, ಚೂಪು ಮೂತಿ, ಗೇಣುದ್ದದ ಮೀನು. ಇನ್ನೊಂದು ಕಡೆ ಇಬ್ಬರು ಬೀಸುಬಲೆ ಎಸೆಯುತ್ತಿದ್ದರು. ಇಳಿತದಲ್ಲಿ ತೆರೆದುಕೊಂಡ ಕೆಸರುದಿಬ್ಬದಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಮರುವಾಯಿ ಎಂಬ ಚಿಪ್ಪುಮೀನು ಆರಿಸುತ್ತಿದ್ದರು. ದೊಡ್ಡ ದೋಣಿ, ಡೀಸೆಲ್, ಐಸು ಯಾವುದೂ ಬೇಡದ ಈ ಮೀನುಗಾರಿಕೆ ಕೊಡುವುದು ಸ್ವಲ್ಪವೇ. ಆದರೆ ನಾನು ಕಂಡ ಎಲ್ಲ ಮುಖಗಳಲ್ಲಿ ನೆಮ್ಮದಿ ಹೆಚ್ಚಿಗೆ ಇದ್ದದ್ದು ಇಲ್ಲೇ.

ಕಾಸರಗೋಡಿನ ಕಸಬ ಕಡಪ್ಪುರದಲ್ಲಿ ಮೊಬೈಲ್ ಹಿಡಿದ ದೋಣಿಯವರನ್ನು ಕಂಡೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ನೀರಿನ ಬಣ್ಣ ಮತ್ತು ಬಿಸಿಯನ್ನು ನೋಡಿ, ಮೀನು ಸೇರಬಹುದಾದ ಜಾಗಗಳನ್ನು ತಿಳಿಸುತ್ತದೆ. ಮೋಡವಿದ್ದರೆ ಉಪಗ್ರಹಕ್ಕೆ ನೀರಿನ ಬಣ್ಣ ಕಾಣದು. ಹಾಗಾಗಿ ಆಕಾಶ ಶುಭ್ರವಾಗಿರುವ ಈ ತಿಂಗಳುಗಳಲ್ಲಿ ಆ ಸೂಚನೆ ಬಹಳ ಉಪಯೋಗಕ್ಕೆ ಬರುತ್ತದೆ. ಅದೇ ಸಂಸ್ಥೆ ಕಳ್ಳಕ್ಕಡಲಿನ, ಅಂದರೆ ಕಳ್ಳನಂತೆ ಹೇಳದೆ ಬರುವ ಕಡಲಿನ, ಎಚ್ಚರಿಕೆಯನ್ನೂ ಕೊಡುತ್ತದೆ. ದಕ್ಷಿಣದ ದೂರದ ಸಾಗರದಲ್ಲಿ ಎದ್ದ ಬಿರುಗಾಳಿಯ ಉಬ್ಬಲೆಗಳು ದಿನಗಟ್ಟಲೆ ಸಾಗಿ, ಇಲ್ಲಿ ಗಾಳಿಯೇ ಇಲ್ಲದ ಹೊತ್ತಿನಲ್ಲಿ ದಡಕ್ಕೆ ನುಗ್ಗುತ್ತವೆ. 2024ರ ಮಾರ್ಚ್ 31ರಂದು ಕೇರಳದ ಹಲವು ಕಡೆ ಹೀಗೆ ನೀರು ಮನೆಗಳಿಗೆ ಹೊಕ್ಕಿತು. ಮಾರ್ಚ್ ಹತ್ತಿರವಾದಂತೆ ದೋಣಿಗಳನ್ನು ಇನ್ನಷ್ಟು ಮೇಲಕ್ಕೆ ಎಳೆದಿಡುತ್ತೇವೆ ಎಂದು ಅವರು ಹೇಳಿದರು.

ಕೊನೆಯ ನಿಲುಗಡೆ ಚೆರುವತ್ತೂರು, ಅಲ್ಲಿಂದ ಪಡನ್ನ. ವಲಿಯಪರಂಬದ ಉದ್ದನೆಯ ಮರಳಪಟ್ಟಿಯ ಹಿಂದಿನ ಹಿನ್ನೀರಿನಲ್ಲಿ ಬಿದಿರಿನ ಚಪ್ಪರಗಳು, ಅವುಗಳಿಂದ ಇಳಿಬಿಟ್ಟ ಹಗ್ಗಗಳು. ಬಂಡೆಗಳಿಂದ ತಂದ ಕಲ್ಲುಮ್ಮಕ್ಕಾಯ ಎಂಬ ಚಿಪ್ಪುಮೀನಿನ ಮರಿಗಳನ್ನು ನವೆಂಬರ್-ಡಿಸೆಂಬರ್‌ನಲ್ಲಿ ಹಗ್ಗಕ್ಕೆ ಹತ್ತಿಬಟ್ಟೆಯಿಂದ ಸುತ್ತುತ್ತಾರೆ; ಬಟ್ಟೆ ಕೊಳೆತು ಹೋಗುವುದರೊಳಗೆ ಚಿಪ್ಪುಗಳು ತಮ್ಮ ನೂಲಿನಿಂದ ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಮಹಿಳಾ ಸ್ವಸಹಾಯ ಸಂಘಗಳು ನಡೆಸುವ ಕೃಷಿ ಇಲ್ಲಿ ಬಹಳ. ಒಬ್ಬ ಅಕ್ಕ ಹಗ್ಗವೊಂದನ್ನು ಎತ್ತಿ ತೋರಿಸಿದರು. ಹಸಿರಂಚಿನ ಚಿಪ್ಪುಗಳು ಒತ್ತೊತ್ತಾಗಿದ್ದವು, ಇನ್ನೂ ಪೂರ್ತಿ ಬಲಿತಿರಲಿಲ್ಲ. ಮಳೆ ಬಂದು ನೀರು ಸಿಹಿಯಾದರೆ ಎಲ್ಲ ಸಾಯುತ್ತವೆ, ಆದ್ದರಿಂದ ಮೇ ಕಳೆಯುವ ಮೊದಲು ಎತ್ತಲೇಬೇಕು ಎಂದರು. ಮಧ್ಯಾಹ್ನ ಅಲ್ಲಿನ ಸಣ್ಣ ಹೋಟೆಲಿನಲ್ಲಿ ಅಕ್ಕಿ, ತೆಂಗಿನಕಾಯಿ ಮತ್ತು ಬಡೇಸೋಪು ರುಬ್ಬಿ ಚಿಪ್ಪಿನೊಳಗೆ ತುಂಬಿ, ಹಬೆಯಲ್ಲಿ ಬೇಯಿಸಿ, ಮತ್ತೆ ಮೆಣಸಿನಪುಡಿ ಹಚ್ಚಿ ಹುರಿದ ಕಲ್ಲುಮ್ಮಕ್ಕಾಯ ತಿಂದೆ. ಬಂಡೆಯಿಂದ ಕಿತ್ತದ್ದಂತೆ ಅದು. ಹಗ್ಗದ ಬೆಳೆಯನ್ನು ತಿನ್ನಬೇಕೆನ್ನುವವರು ವಿಷು ಕಳೆದ ಮೇಲೆ ಹೋಗಲಿ. ಮಂಜೇಶ್ವರದ ಏಲಂ ನೋಡಬೇಕೆನ್ನುವವರು ರೈಲನ್ನು ನಂಬದೆ ಹಿಂದಿನ ರಾತ್ರಿಯೇ ಅಲ್ಲಿಗೆ ಹೋಗಿ ತಂಗಲಿ.