ಗುಡ್ಡದ ನೆತ್ತಿಗೆ ದೋಣಿಯಲ್ಲಿ

ಶರಾವತಿ ಹಿನ್ನೀರಿನ ನಡುಗಡ್ಡೆಗಳನ್ನು ಫೋಟೋದಲ್ಲಿ ನೋಡಿದವರಿಗೆ ಅವು ಮೊದಲಿನಿಂದಲೂ ಹಾಗೇ ಇದ್ದವು ಅನ್ನಿಸುತ್ತದೆ. ಹಾಗಲ್ಲ. ಅವೆಲ್ಲ ಗುಡ್ಡದ ನೆತ್ತಿಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಕೆಳಗಿನ ಗದ್ದೆ, ತೋಟ, ಮನೆ ಎಲ್ಲ ನೀರಿಗೆ ಹೋಯಿತು. ನೆತ್ತಿ ಮಾತ್ರ ಉಳಿಯಿತು. ಶಾಲೆಯಲ್ಲಿ ಇದನ್ನು ಓದಿದ್ದೆ. ಸಿಗಂದೂರಿಗೆ ಹೋಗುವಾಗ ಲಾಂಚಿನಲ್ಲಿ ನಿಂತು ನೋಡಿಯೂ ಇದ್ದೆ. ಆದರೆ ಅದು ನಿಜವಾಗಿ ಅರ್ಥವಾಗಿದ್ದು ಈ ಜನವರಿಯಲ್ಲಿ, ಕೈಯಲ್ಲಿ ಹುಟ್ಟು ಹಿಡಿದು ಆ ನೀರಿಗೆ ಇಳಿದಾಗ.

ಹೋದವರು ನಾನು, ತಂಗಿ ಮತ್ತು ಅವಳ ಮಗ. ಬೆಳಗಿನ ಜಾವ ಶಿವಮೊಗ್ಗದಲ್ಲಿ ರೈಲು ಹತ್ತಿ ತಾಳಗುಪ್ಪದಲ್ಲಿ ಇಳಿದೆವು. ಅಲ್ಲಿಗೆ ಹಳಿ ಮುಗಿಯುತ್ತದೆ. ಅಲ್ಲಿಂದ ಆಟೋದಲ್ಲಿ ಹೊನ್ನೇಮರಡು ಕಡೆಯ ದಂಡೆಗೆ. ಮಂಜು ಇನ್ನೂ ಎದ್ದಿರಲಿಲ್ಲ. ನಮ್ಮನ್ನು ಕರೆದುಕೊಂಡು ಹೋಗಲು ಒಪ್ಪಿದ್ದ ಅಣ್ಣ ಅದೇ ಸೀಮೆಯವರು. ಐವತ್ತು ದಾಟಿದ ವಯಸ್ಸು, ಮಾತು ಕಮ್ಮಿ. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಒಬ್ಬೊಬ್ಬರದ್ದೂ ತಾವೇ ಎಳೆದು ನೋಡಿದ ಮೇಲೆಯೇ ನೀರಿನ ಹತ್ತಿರ ಬಿಟ್ಟರು.

ಇಬ್ಬಿಬ್ಬರು ಕೂರುವ ಕಯಾಕ್. ಎರಡೂ ತುದಿಗೆ ಅಲಗಿರುವ ಹುಟ್ಟು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ನೋಡಲು ಸುಲಭ. ಐದು ನಿಮಿಷಕ್ಕೇ ನನ್ನ ತೋಳು ಸೋತಿತು. ಹಿಂದೆ ಕೂತಿದ್ದ ಅಣ್ಣ ಹೇಳಿದರು: "ಕೈಯಲ್ಲಿ ಬಲ ಹಾಕ್ಬೇಡಿ ಅಕ್ಕಾ. ಸೊಂಟ ತಿರುಗಿಸಿ. ಕೈ ಸುಮ್ನೆ ಹುಟ್ಟು ಹಿಡ್ಕೊಂಡಿದ್ರೆ ಸಾಕು." ಹಾಗೆ ಮಾಡಿದೆ. ದೋಣಿ ತಾನಾಗಿಯೇ ಜಾರಿತು. ಇನ್ನೊಂದು ಮಾತನ್ನೂ ಕಲಿಸಿದರು. ಕಣ್ಣು ಹುಟ್ಟಿನ ಮೇಲೆ ಇರಬಾರದು, ದೂರದ ಒಂದು ಮರದ ಮೇಲೆ ಇರಬೇಕು. ಆಗ ದೋಣಿಯ ಮೂತಿ ಅತ್ತಿತ್ತ ಓಡಾಡುವುದಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಬೊಡ್ಡೆಗಳು ಸಿಕ್ಕವು. ನೀರಿನಿಂದ ಮೊಳದುದ್ದ ಮೇಲೆ ಬಂದ ಕಪ್ಪು ಮರದ ಬೊಡ್ಡೆಗಳು. ಒಂದೊಂದರ ಮೇಲೂ ರೆಕ್ಕೆ ಹರಡಿಕೊಂಡು ನೀರುಕಾಗೆ ಕೂತಿತ್ತು. ತಂಗಿಯ ಮಗ ಕೇಳಿದ, "ಇಷ್ಟು ವರ್ಷ ನೀರಲ್ಲಿದ್ರೂ ಕೊಳೆತಿಲ್ವಾ?" ಕೊಳೆಯಲು ಗಾಳಿ ಬೇಕು. ಸದಾ ಮುಳುಗಿರುವ ಭಾಗಕ್ಕೆ ಗಾಳಿ ತಾಗುವುದಿಲ್ಲ, ಅದಕ್ಕೇ ಗಟ್ಟಿಯಾಗಿ ನಿಂತಿರುತ್ತದೆ. ವರ್ಷವರ್ಷವೂ ನೆನೆದು ಒಣಗುವ ತುದಿ ಮಾತ್ರ ಸವೆಯುತ್ತದೆ. ಕಾಣುವ ಬೊಡ್ಡೆಗಿಂತ ಕಾಣದ್ದೇ ಅಪಾಯ. ನೀರಿನ ಕೆಳಗೆ ಗೇಣುದ್ದ ಇರುವುದು ದೋಣಿಯನ್ನು ಮಗುಚಿಬಿಡಬಹುದು. ಅಣ್ಣ ಅವುಗಳ ನಡುವೆ ದಾರಿ ಗೊತ್ತಿದ್ದವರ ಹಾಗೆ ಸಾಗಿದರು. ದಾರಿ ಗೊತ್ತಿತ್ತು ಕೂಡ.

ನಡುಗಡ್ಡೆಯ ದಂಡೆಯಲ್ಲಿ ಹುಲ್ಲಿಲ್ಲ. ಬರೀ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು. ನೀರು ಏರಿ ಇಳಿದು ಮಣ್ಣನ್ನೆಲ್ಲ ತೊಳೆದುಬಿಟ್ಟಿದೆ. ಆ ಬೋಳು ಪಟ್ಟಿ ಹತ್ತಿದರೆ ಒಂದು ಕಡೆ ಥಟ್ಟನೆ ಕಾಡು ಶುರುವಾಗುತ್ತದೆ, ಯಾರೋ ಗೆರೆ ಎಳೆದ ಹಾಗೆ. ಅದು ಅಣೆಕಟ್ಟು ತುಂಬಿದಾಗ ನೀರು ನಿಲ್ಲುವ ಮಟ್ಟ, ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಪೇಪರುಗಳಲ್ಲಿ ಬರುವ ಸಂಖ್ಯೆ ಅದೇ. ಇವತ್ತು ಎಷ್ಟು ಅಡಿ, ತುಂಬಲು ಇನ್ನೆಷ್ಟು ಬಾಕಿ ಅಂತ ನಾವು ಓದುತ್ತೇವೆ. ಆ ಅಡಿಗಳು ಯಾವ ಅಂಗಳದ ಮೇಲೆ ಏರುತ್ತವೆ ಅಂತ ನಾನಂತೂ ಯೋಚಿಸಿರಲಿಲ್ಲ.

ಗೆರೆಯ ಸ್ವಲ್ಪ ಕೆಳಗೆ ಹಂಚಿನ ಚೂರುಗಳು ಬಿದ್ದಿದ್ದವು. ಪಕ್ಕದಲ್ಲಿ ಒಂದರ ಮೇಲೊಂದು ಇಟ್ಟ ಕಲ್ಲುಗಳು, ಮೆಟ್ಟಿಲೇ ಇರಬೇಕು. ನಾನು ಬಗ್ಗಿ ನೋಡುತ್ತಿದ್ದಾಗ ಅಣ್ಣ, "ಯಾರ ಮನೆದೋ ಎಂತೋ. ನಮ್ದು ಇನ್ನೂ ಕೆಳಗೆ," ಅಂದರು.

ಮೇಲೆ ಹತ್ತುವ ದಾರಿ ಕಡಿದೇ. ಮತ್ತಿ, ನೇರಳೆ, ಹೊನ್ನೆ. ಒಣಗಿದ ಎಲೆ ಜಾರುತ್ತಿತ್ತು. ಮಳೆಗಾಲವಾಗಿದ್ದರೆ ಉಂಬಳ ಬಿಡುತ್ತಿರಲಿಲ್ಲ. ನೆತ್ತಿ ತಲುಪಿದಾಗ ಮಂಜು ಎದ್ದಿತ್ತು. ಸುತ್ತಲೂ ಇಂಥವೇ ಗುಡ್ಡದ ತಲೆಗಳು, ನಡುವೆ ಬೆರಳು ಚಾಚಿದಂತೆ ನೀರು. ಅಲ್ಲಿ ಕೂತು ಚಿತ್ರಾನ್ನ, ಮಿಡಿ ಉಪ್ಪಿನಕಾಯಿ ತಿಂದೆವು. ಅಣ್ಣ ಮಾತಾಡಿದ್ದು ಅಲ್ಲೇ. ಅವರು ಹುಟ್ಟುವ ಮೊದಲೇ ಊರು ಮುಳುಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪಯ್ಯ ಮಕ್ಕಳನ್ನು ಕರೆತಂದು, ಇಲ್ಲಿ ಕಣ, ಅಲ್ಲಿ ಅಡಿಕೆ ತೋಟ ಅಂತ ತೋರಿಸುತ್ತಿದ್ದರಂತೆ. "ನಮಗೆ ಕೆಸರು ಬಿಟ್ರೆ ಎಂತದೂ ಕಾಣ್ತಿರ್ಲಿಲ್ಲ. ಅವ್ರಿಗೆ ಎಲ್ಲ ಕಾಣ್ತಿತ್ತು."

ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಕರ್ನಾಟಕದ ಎಷ್ಟೋ ಮನೆಗಳ ದೀಪ ಈ ನೀರಿನಿಂದಲೇ ಉರಿದಿದೆ. ಇತ್ತ ಮುಳುಗಡೆಯಾದ ಎಷ್ಟೋ ಕುಟುಂಬಗಳ ಹಕ್ಕುಪತ್ರದ ತಕರಾರು ಇಂದಿಗೂ ಮುಗಿದಿಲ್ಲ. ನೀರಿನ ಆಚೆ ಉಳಿದ ತುಮರಿ ಕಡೆಯವರು ಒಂದು ಸೇತುವೆಗಾಗಿ ಆರು ದಶಕ ಕಾದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಹೆರಿಗೆ ನೋವಿಗೂ ಲಾಂಚನ್ನೇ ಕಾಯಬೇಕಿತ್ತು. ಇದು ತಡವಾಗಿದ್ದು ಮಾತ್ರವಲ್ಲ, ಅನ್ಯಾಯ.

ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ಬೆಳಿಗ್ಗೆ ಕನ್ನಡಿಯಂತಿದ್ದ ನೀರಲ್ಲಿ ಅಲೆ. ಹುಟ್ಟು ಒಂದು ಕ್ಷಣ ನಿಲ್ಲಿಸಿದರೂ ಗಾಳಿ ಕಯಾಕನ್ನು ಅಡ್ಡ ತಿರುಗಿಸುತ್ತಿತ್ತು. ಅಡ್ಡ ನಿಂತರೆ ಅಲೆ ಒಳಗೆ ನುಗ್ಗುತ್ತದೆ. "ಮೂತಿ ಅಲೆಗೇ ಕೊಡಿ, ಹೆದರ್ಬೇಡಿ," ಅಂತ ಅಣ್ಣ ಹಿಂದಿನಿಂದ ಕೂಗುತ್ತಿದ್ದರು. ತಂಗಿ ಮತ್ತು ಅವಳ ಮಗ ನಮಗಿಂತ ಚೆನ್ನಾಗಿ ಹೊಂದಿಕೊಂಡು ಹುಟ್ಟು ಹಾಕಿದರು. ನೇರ ದಂಡೆಗೆ ಹೋಗದೆ ಗುಡ್ಡದ ಮರೆಯಲ್ಲಿ ಸುತ್ತಿ ಬಂದೆವು. ಬೆಳಿಗ್ಗೆಯ ಎರಡರಷ್ಟು ಹೊತ್ತು ಹಿಡಿಯಿತು.

ಈಗೀಗ ಹಿನ್ನೀರಿಗೆ ಬರುವವರು ಜಾಸ್ತಿ. ಬರಲಿ. ಆದರೆ ದಯವಿಟ್ಟು ಸ್ಪೀಡ್ ಬೋಟಿನಲ್ಲಿ ಒಂದು ಸುತ್ತು ಹೊಡೆದು ವಾಪಸ್ ಹೋಗಬೇಡಿ. ಹುಟ್ಟು ಹಾಕಿ, ನಿಧಾನಕ್ಕೆ, ಅದೇ ಸೀಮೆಯವರ ಜೊತೆ ಹೋಗಿ. ದಂಡೆಯಲ್ಲಿ ಸಿಕ್ಕ ಹಂಚಿನ ಚೂರನ್ನು ಜೇಬಿಗೆ ಹಾಕಿಕೊಳ್ಳಬೇಡಿ.

ನೀರು ತೀರಾ ಇಳಿದ ವರ್ಷ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದೆ. ಲಿಂಗನಮಕ್ಕಿಗೂ ಮೊದಲು ಕಟ್ಟಿದ ಅಣೆಕಟ್ಟು, ಹೊಸದರ ನೀರಿನಲ್ಲಿ ತಾನೇ ಮುಳುಗಿದ್ದು. ಈ ಸಲ ಮಳೆ ಹಿಡಿಯುವ ಮೊದಲು ಅದು ಕಂಡರೆ ಫೋನ್ ಮಾಡುತ್ತೇನೆ ಅಂದಿದ್ದಾರೆ ಅಣ್ಣ. ತಂಗಿಯ ಮಗ ಕಾಲೇಜಿಗೆ ರಜೆ ಹಾಕಿಯಾದರೂ ಬರುತ್ತಾನಂತೆ.